ಕೆಸುವಿನ ಬಳಗಕ್ಕೊಂದು ಮಬ್ಬು ಮೂಲೆ: ಎರಡಡಿ ಟ್ಯಾಂಕಿನ ದಿನಚರಿ

ಜೂನ್: ಬೆಳಕು ಅಳೆದು ನೋಡಿದ್ದು

ನೆಲಮಹಡಿ ಮನೆ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಲ್‌ನಲ್ಲಿ ಅಕ್ವೇರಿಯಂ ಇಡಲು ಉಳಿದಿದ್ದ ಒಂದೇ ಜಾಗದಲ್ಲಿ ನಡುಮಧ್ಯಾಹ್ನವೂ ಲೈಟ್ ಹಾಕದೆ ಪೇಪರ್ ಓದುವುದು ಕಷ್ಟ. ಜೀವಂತ ಗಿಡ ಬೆಳೆಸುವ ಆಸೆಯಿರುವವರು ಇಂಥ ಮೂಲೆ ನೋಡಿ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ನನಗೆ ಇದು ಒಳ್ಳೆಯ ಜಾಗವೆಂದೇ ಅನಿಸಿತು. ನೇರ ಬಿಸಿಲು ಬೀಳದಿದ್ದರೆ ನೀರು ಹಸಿರುಗಟ್ಟುವ ಕಾಟ ಕಡಿಮೆ. ಎಷ್ಟು ಬೆಳಕು, ಎಷ್ಟು ಹೊತ್ತು ಎನ್ನುವುದು ಪೂರ್ತಿ ನಮ್ಮ ಕೈಯಲ್ಲೇ ಇರುತ್ತದೆ.

ಟ್ಯಾಂಕ್ ಮಾಮೂಲಿ ಅಳತೆಯದು: ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಕಂಠಮಟ್ಟ ತುಂಬಿದರೆ 56 ಲೀಟರ್. ಮಣ್ಣು, ಕಲ್ಲು, ಮರದ ತುಂಡು ಎಲ್ಲ ಸೇರಿದ ಮೇಲೆ 45ರ ಆಸುಪಾಸು. ಮೇಲೆ 12 ವ್ಯಾಟ್‌ನ 6500 ಕೆಲ್ವಿನ್ ಬಿಳಿ ಎಲ್‌ಇಡಿ. ನೀರು ತುಂಬುವ ಮೊದಲೇ ಫೋನಿನ ಲಕ್ಸ್ ಮೀಟರ್ ಆ್ಯಪ್ ಹಿಡಿದು ತಳದ ಬೆಳಕು ಅಳೆದೆ. ನಡುವೆ 2,000 ಲಕ್ಸ್, ಮೂಲೆಗಳಲ್ಲಿ 900. ಲಕ್ಸ್ ಎನ್ನುವುದು ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಲೆಕ್ಕ. ಗಿಡಕ್ಕೆ ದಕ್ಕುವ ಬೆಳಕಿನ ಲೆಕ್ಕ ಪಾರ್. ಇಂಥ ಬಿಳಿ ಎಲ್‌ಇಡಿಗೆ ಲಕ್ಸನ್ನು ಸುಮಾರು 70ರಿಂದ ಭಾಗಿಸಿದರೆ ಅಂದಾಜು ಪಾರ್ ಸಿಗುತ್ತದೆ. ಅಂದರೆ ನಡುವೆ 28, ಮೂಲೆಯಲ್ಲಿ 13. ನೀರು ತುಂಬಿ ಅದಕ್ಕೆ ಮರದ ಬಣ್ಣ ಇಳಿದರೆ ಇನ್ನೂ ಕಡಿಮೆ. ಯಾವ ಲೆಕ್ಕದಲ್ಲಿ ನೋಡಿದರೂ ಇದು ಕಡಿಮೆ ಬೆಳಕಿನ ಟ್ಯಾಂಕೇ.

“ಇನ್ನೊಂದು ಲೈಟ್ ಹಾಕ್ಬಿಡಿ ಸಾರ್, ಕಾರ್ಪೆಟ್ ಗಿಡಾನೂ ಬರತ್ತೆ,” ಅಂದರು ಅಂಗಡಿಯವರು. ತಳದಲ್ಲಿ ಚಾಪೆಯಂತೆ ಹಬ್ಬುವ ಆ ಗಿಡ ಬರುವುದಿಲ್ಲ ಅಂತಲ್ಲ. ಆದರೆ ಬೆಳಕು ಹೆಚ್ಚಿದಷ್ಟೂ ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಬೇಕು, ಗೊಬ್ಬರವೂ ಹೆಚ್ಚು ಬೇಕು. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಈ ಅನಿಲ ಸರಿದಾಡುವುದು ಸುಮಾರು 10,000 ಪಟ್ಟು ನಿಧಾನ. ಸಿಲಿಂಡರ್ ಇಟ್ಟು ಅನಿಲ ಬಿಡದ ಟ್ಯಾಂಕಿನಲ್ಲಿ ಗಿಡದ ಕೈ ಕಟ್ಟುವುದು ಇದೇ. ಗಿಡ ಬಳಸಲಾಗದೆ ಬಿಟ್ಟ ಬೆಳಕನ್ನು ಪಾಚಿ ಸುಮ್ಮನೆ ಬಿಡುವುದಿಲ್ಲ. ಸಿಲಿಂಡರ್, ರೆಗ್ಯುಲೇಟರ್, ವಾರವಾರ ಕತ್ತರಿ ಇವೆಲ್ಲ ನನಗೆ ಬೇಡ. ಹಾಗಾಗಿ ಲೈಟ್ ಅಷ್ಟೇ, ದಿನಕ್ಕೆ ಆರು ಗಂಟೆ, ಟೈಮರ್ ಹಾಕಿ ಸಂಜೆ ನಾಲ್ಕರಿಂದ ಹತ್ತರವರೆಗೆ. ನಾವು ಮನೆಯಲ್ಲಿ ಇರುವುದೂ ಆಗಲೇ.

ಜೂನ್ ಕೊನೆ: ಯಾರನ್ನು ಕರೆಯುವುದು

ಕಡಿಮೆ ಬೆಳಕಿಗೆ ಒಗ್ಗುವ ಗಿಡಗಳ ಪಟ್ಟಿ ಎಲ್ಲಿ ನೋಡಿದರೂ ಹೆಚ್ಚೂಕಡಿಮೆ ಒಂದೇ: ಅನುಬಿಯಾಸ್, ಕ್ರಿಪ್ಟೋಕೊರೈನ್, ಬುಸೆಫಲಾಂಡ್ರಾ, ಜಾವಾ ಫರ್ನ್, ಜಾವಾ ಮಾಸ್. ಇವುಗಳಲ್ಲಿ ಮೊದಲ ಮೂರೂ ಒಂದೇ ಕುಟುಂಬದವು, ಅದೂ ನಮ್ಮ ಹಿತ್ತಲಿನ ಕೆಸುವಿನ ಕುಟುಂಬ, ಅರೇಸಿ. ಸುವರ್ಣಗಡ್ಡೆಯೂ ಇದೇ ಬಳಗ. ಮಲೆನಾಡಿನ ಹಳ್ಳಗಳನ್ನು ನೋಡಿದವರಿಗೆ ಕಾರಣ ತಾನಾಗಿ ಹೊಳೆಯುತ್ತದೆ. ಮೇಲೆ ಮರಗಳ ಚಪ್ಪರ, ಕೆಳಗೆ ಸದಾ ತೇವ, ಬಿಸಿಲೆಂದರೆ ಎಲೆಗಳ ಸಂದಿಯಲ್ಲಿ ಇಳಿದಷ್ಟೇ. ಮಳೆಗಾಲದಲ್ಲಿ ಮುಳುಗುವುದು, ಬೇಸಿಗೆಯಲ್ಲಿ ತಲೆ ಹೊರಗಿಡುವುದು. ಅಂಥಲ್ಲಿ ಬಾಳುವ ಗಿಡ ಅವಸರ ಮಾಡುವುದಿಲ್ಲ. ಎಲೆ ದಪ್ಪ, ಬಾಳಿಕೆ ಹೆಚ್ಚು, ಬೆಳವಣಿಗೆ ನಿಧಾನ. ನನ್ನ ಮೂಲೆಗೆ ಬೇಕಾದದ್ದು ಇದೇ ಸ್ವಭಾವ. ಗಿಡ ಆರಿಸುವಾಗ “ಸುಲಭವಾಗಿ ಬೆಳೆಯುತ್ತದೆ” ಎನ್ನುವ ಚೀಟಿಗಿಂತ ಅದು ಹುಟ್ಟಿದ ಜಾಗದಲ್ಲಿ ನೆರಳಿತ್ತೇ ಎಂದು ಕೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಈ ಬಳಗದಲ್ಲಿ ನಮ್ಮ ಊರಿನದೇ ಒಂದಿದೆ: ಲಾಜಿನಾಂಡ್ರಾ ಮೀಬೋಲ್ಡಿ. ಪಶ್ಚಿಮಘಟ್ಟದ ಗಿಡ. ಹೆಸರು ಬಂದದ್ದು ಇಲ್ಲೆಲ್ಲ ಗಿಡ ಸಂಗ್ರಹಿಸಿದ ಜರ್ಮನ್ ಸಸ್ಯತಜ್ಞ ಮೀಬೋಲ್ಡ್‌ನಿಂದ. ಲಾಜಿನಾಂಡ್ರಾ ಜಾತಿಗಳ ನೆಲೆಯೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಆಸುಪಾಸು. ಹೀಗಿದ್ದೂ ಇಲ್ಲಿನ ಅಂಗಡಿಗಳಲ್ಲಿ ಇದಕ್ಕೆ ವಿದೇಶಿ ಗಿಡದ ಬೆಲೆ. ಕೆಂಪು ಛಾಯೆಯದು, ಹಸಿರಿನದು ಎರಡೂ ಸಿಗುತ್ತವೆ. ನಾನು ಕೆಂಪಿನದನ್ನು ತಂದೆ, ಕಡಿಮೆ ಬೆಳಕಿನಲ್ಲಿ ಆ ಕೆಂಪು ತಾಮ್ರಕ್ಕೆ ತಿರುಗುತ್ತದೆ ಎಂದು ಗೊತ್ತಿದ್ದೇ. ಕ್ರಿಪ್ಟೋಕೊರೈನ್‌ನ ಜೊತೆ ಇದನ್ನು ಗುಡ್ಡೆ ಹಾಕಿ ಮಾರುವುದುಂಟು. ಬೇರ್ಪಡಿಸಲು ಎಳೆ ಎಲೆ ನೋಡಬೇಕು. ಲಾಜಿನಾಂಡ್ರಾದ ಸುಳಿಯಲ್ಲಿ ಎಲೆಯ ಎರಡೂ ಅಂಚು ಒಳಕ್ಕೆ ಸುತ್ತಿರುತ್ತವೆ. ಕ್ರಿಪ್ಟೋಕೊರೈನ್‌ನಲ್ಲಿ ಎಲೆ ಒಂದು ಅಂಚಿನಿಂದ ಇಡಿಯಾಗಿ ಚಾಪೆಯಂತೆ ಸುರುಳಿಯಾಗಿರುತ್ತದೆ.

ನಮ್ಮ ಗಿಡ ಎಂದಮಾತ್ರಕ್ಕೆ ಘಟ್ಟದ ಹಳ್ಳದಿಂದ ಕಿತ್ತು ತರುವ ಯೋಚನೆ ಮಾಡಬೇಡಿ. ಮೀಸಲು ಅರಣ್ಯದಿಂದ ಗಿಡ ಕಿತ್ತರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಸುಮ್ಮನಿರುವುದಿಲ್ಲ. ಅದಿರಲಿ, ಹಳ್ಳದ ದಂಡೆಯಲ್ಲಿ ನೆಲೆಯೂರಲು ವರ್ಷಗಟ್ಟಲೆ ತೆಗೆದುಕೊಂಡ ಬುಡವನ್ನು ಹಾಲ್‌ನ ಗಾಜಿನ ಪೆಟ್ಟಿಗೆಗಾಗಿ ಕೀಳುವುದು ಸರಿಯೂ ಅಲ್ಲ. ನರ್ಸರಿಯಲ್ಲಿ ಬೆಳೆಸಿದ್ದು ಸಿಗುತ್ತದೆ, ಅಷ್ಟು ಸಾಕು.

ಉಳಿದವು: ಆಫ್ರಿಕಾದ ಕ್ಯಾಮರೂನ್, ನೈಜೀರಿಯಾ ಕಡೆಯ ಅನುಬಿಯಾಸ್ ನಾನಾ. ಶ್ರೀಲಂಕಾದ ಕ್ರಿಪ್ಟೋಕೊರೈನ್ ವೆಂಡ್ಟಿ, ಕಂದು ಬಣ್ಣದ್ದು. ದಕ್ಷಿಣ ಭಾರತದ ಕ್ರಿಪ್ಟೋಕೊರೈನ್ ಸ್ಪೈರಾಲಿಸ್, ಉದ್ದ ಪಟ್ಟಿ ಎಲೆಯದು, ಹಿಂಬದಿಗೆ. ಕೆಸುವಿನ ಬಳಗಕ್ಕೆ ಸೇರದ ಇಬ್ಬರು ಅತಿಥಿಗಳು ಜಾವಾ ಫರ್ನ್ ಮತ್ತು ವ್ಯಾಲಿಸ್ನೇರಿಯಾ. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್‌ನಿಂದಲೂ ವ್ಯಾಲಿಸ್ನೇರಿಯಾ ಇಂಗಾಲ ಹೀರಬಲ್ಲದು. ನಮ್ಮ ನಗರದ ನೀರಿಗೆ ಅದು ಹೇಳಿಮಾಡಿಸಿದ ಗಿಡ. ಬುಸೆಫಲಾಂಡ್ರಾದ ಬೆಲೆ ಕೇಳಿ ಅಲ್ಲೇ ಕೈಬಿಟ್ಟೆ.

ಅಂಗಡಿಯ ಗಿಡದ ತೊಟ್ಟಿಯಲ್ಲಿ ಇನ್ನೂ ಕೆಲವು ಇದ್ದವು: ಲಕ್ಕಿ ಬ್ಯಾಂಬೂ, ಸಿಂಗೋನಿಯಂ, ನೇರಳೆ ಎಲೆಯ ಹೆಮಿಗ್ರಾಫಿಸ್. ಇವೆಲ್ಲ ನೆಲದ ಗಿಡಗಳು. ಮುಳುಗಿಸಿಟ್ಟರೆ ಒಂದೆರಡು ತಿಂಗಳು ಬದುಕಿದಂತೆ ನಟಿಸಿ ಕೊಳೆಯುತ್ತವೆ. ಚೆಂದ ಕಂಡಿತೆಂದು ತರುವ ಮೊದಲು ಹೆಸರು ಕೇಳಿಕೊಳ್ಳಿ.

ಜುಲೈ: ಮಣ್ಣು, ನೀರು, ನಾಟಿ

ಕ್ರಿಪ್ಟೋಕೊರೈನ್, ಲಾಜಿನಾಂಡ್ರಾ ಎರಡೂ ಮುಖ್ಯವಾಗಿ ಬೇರಿನಿಂದ ಉಣ್ಣುವವು. ಅವಕ್ಕಾಗಿ ತಳಕ್ಕೆ ಒಂದಿಂಚು ಕೆಂಪು ಮಣ್ಣು. ರಾಸಾಯನಿಕ ಗೊಬ್ಬರ ಬೀಳದ ಜಾಗದ್ದು, ಜರಡಿ ಹಿಡಿದು, ನೀರಲ್ಲಿ ನೆನೆಸಿ, ತೇಲಿದ ಕಸ ಚೆಲ್ಲಿ, ಮತ್ತೆ ನೆನೆಸಿ. ನಮ್ಮ ಮಣ್ಣಿನ ಕೆಂಪು ಎಂದರೆ ಕಬ್ಬಿಣ. ಗಾಳಿಯಾಡದ ಪದರದಲ್ಲಿ ಆ ಕಬ್ಬಿಣ ಬೇರು ಹೀರಬಲ್ಲ ರೂಪಕ್ಕೆ ಇಳಿಯುತ್ತದೆ. ಜೊತೆಗೆ ಮಣ್ಣಿನಲ್ಲಿ ಕೊಳೆಯುವ ಪದಾರ್ಥದಿಂದ ಒಂದಿಷ್ಟು ಇಂಗಾಲದ ಡೈಆಕ್ಸೈಡ್ ಪುಕ್ಕಟೆ. ಮೇಲೆ ಒಂದೂವರೆ ಇಂಚು ದಪ್ಪ ಮರಳು. ಮರಳಿಗೆ ಒಂದೆರಡು ಹನಿ ವಿನೆಗರ್ ಬಿಟ್ಟು ನೋಡಿದೆ. ನೊರೆ ಬಂದರೆ ಸುಣ್ಣದಂಶವಿದೆ, ನೀರು ಇನ್ನಷ್ಟು ಗಡಸಾಗುತ್ತದೆ ಎಂದರ್ಥ. ಬರಲಿಲ್ಲ.

ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 640. ಅಡುಗೆಮನೆಯ ಆರ್‌ಓ ನೀರು 50. ಅರ್ಧಕ್ಕರ್ಧ ಬೆರೆಸಿದರೆ 350ರ ಹತ್ತಿರ ನಿಲ್ಲುತ್ತದೆ, ಈ ಗಿಡಗಳಿಗೆ ಸಾಕು. ಕಾವೇರಿ ನೀರು ಬರುವ ಮನೆಯವರಿಗೆ ಈ ಬೆರಕೆಯ ರಗಳೆ ಇಲ್ಲ, ಆಂಟಿ ಕ್ಲೋರಿನ್ ಹನಿ ಮರೆಯದಿದ್ದರೆ ಆಯಿತು.

ತಂದ ಗಿಡಗಳನ್ನೆಲ್ಲ ಪಟಿಕ ಕರಗಿಸಿದ ನೀರಿನಲ್ಲಿ ಕೆಲವು ಗಂಟೆ ಇಟ್ಟೆ, ಬಸವನಹುಳುಗಳಿಗಾಗಿ. ಅವುಗಳ ಮೊಟ್ಟೆ ಇದಕ್ಕೆಲ್ಲ ಜಗ್ಗುವುದಿಲ್ಲ, ನಾಲ್ಕಾರು ಹೇಗಿದ್ದರೂ ಬರುತ್ತವೆ. ಬರಲಿ, ಕೊಳೆತದ್ದು ತಿಂದುಕೊಂಡಿರುತ್ತವೆ.

ಅನುಬಿಯಾಸ್ ಮತ್ತು ಜಾವಾ ಫರ್ನ್‌ಗೆ ಮಣ್ಣು ಬೇಡ. ಇವುಗಳ ಅಡ್ಡಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ, ಬೇರು ಮಾತ್ರ ಇಳಿಬಿಡಬಹುದು. ಎರಡನ್ನೂ ಮರದ ತುಂಡಿಗೆ ಅಂಟಿಸಿದೆ. ಅಂಟಿಗೆ ಜೆಲ್ ರೂಪದ ಸೂಪರ್ ಗ್ಲೂ. ಅದು ಸಯನೋಆಕ್ರಿಲೇಟ್, ನೀರು ತಾಗಿದೊಡನೆ ಗಟ್ಟಿಯಾಗುತ್ತದೆ, ಮೀನಿಗೆ ತೊಂದರೆಯಿಲ್ಲ. ಕಪ್ಪು ದಾರದಲ್ಲಿ ಕಟ್ಟಿದರೂ ಆದೀತು, ತಾಳ್ಮೆ ಇದ್ದರೆ. ಅನುಬಿಯಾಸನ್ನು ಬೇಕೆಂದೇ ಮರದ ಕೆಳಮಗ್ಗುಲಿಗೆ, ಪಾರ್ 13ರ ಮೂಲೆಗೆ ಇಟ್ಟೆ. ಅದರ ಎಲೆ ಬಹಳ ಕಾಲ ಬಾಳುವುದರಿಂದ ನೇರ ಬೆಳಕು ಬಿದ್ದರೆ ಎಲೆ ಮೇಲೆಲ್ಲ ಹಸಿರು ಚುಕ್ಕೆ ಪಾಚಿ ಕೂರುತ್ತದೆ, ಉಜ್ಜಿದರೂ ಹೋಗದ್ದು.

ಆಗಸ್ಟ್: ಕರಗುವ ಕಾಲ

ನಾಟಿಯಾದ ಮುಂದಿನ ವಾರವೇ ವೆಂಡ್ಟಿಯ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ, ಆಮೇಲೆ ಲೋಳೆಯಾಗಿ ಕರಗತೊಡಗಿದವು. ಮನೆಗೆ ಬಂದ ಅತ್ತೆ, “ದುಡ್ಡು ಕೊಟ್ಟು ತಂದ ಸೊಪ್ಪು ಬೆಂದುಹೋಯ್ತಲ್ಲೋ,” ಅಂದರು. ಇದು ನಿರೀಕ್ಷಿತವೇ. ನರ್ಸರಿಗಳಲ್ಲಿ ಈ ಗಿಡಗಳನ್ನು ಹೆಚ್ಚಾಗಿ ನೀರಿನ ಹೊರಗೆ, ತೇವದ ಹವೆಯಲ್ಲಿ ಬೆಳೆಸುತ್ತಾರೆ. ಬೇಗ ಬೆಳೆಯುತ್ತವೆ, ಪಾಚಿಯಿಲ್ಲ, ಸಾಗಿಸುವುದೂ ಸುಲಭ. ಗಾಳಿಗೆಂದು ಮಾಡಿಕೊಂಡ ಎಲೆ ನೀರೊಳಗೆ ಕೆಲಸಕ್ಕೆ ಬರದೆ ಗಿಡ ಅದನ್ನು ಬಿಟ್ಟುಕೊಡುತ್ತದೆ. ಬುಡ ಗಟ್ಟಿಯಿದ್ದರೆ ಎರಡು ಮೂರು ವಾರದಲ್ಲಿ ಹೊಸ ಸುಳಿ. ಈ ಹಂತದಲ್ಲಿ ಕಿತ್ತು ಬೇರೆಡೆ ನೆಟ್ಟರೆ ಮತ್ತೆ ಮೊದಲಿಂದ. ಕರಗಿದ ಎಲೆಗಳನ್ನು ಚಿವುಟಿ ತೆಗೆದೆ, ಕೊಳೆತರೆ ಅಮೋನಿಯಾ ಏರುತ್ತದೆ. ಲಾಜಿನಾಂಡ್ರಾ ಎರಡು ಎಲೆ ಮಾತ್ರ ಕಳೆದುಕೊಂಡಿತು. ಅನುಬಿಯಾಸ್ ಏನೂ ಆಗಿಲ್ಲವೆಂಬಂತೆ ಕೂತಿತ್ತು.

ಗಾಜಿನ ಮೇಲೆ ಕಂದು ಪುಡಿ ಬಂತು. ಡಯಾಟಮ್ ಎನ್ನುವ ಪಾಚಿ, ಹೊಸ ಟ್ಯಾಂಕಿಗೆಲ್ಲ ಬರುವಂಥದ್ದು. ಬೆರಳಲ್ಲಿ ಸವರಿದರೆ ಹೋಗುತ್ತದೆ, ಕೆಲವು ವಾರದಲ್ಲಿ ತಾನಾಗಿ ಕಡಿಮೆಯಾಯಿತು. ಮಣ್ಣಿನಿಂದ ಅಮೋನಿಯಾ ಬರುತ್ತಿತ್ತು. ಅದು ನೈಟ್ರೈಟ್ ಆಗಿ, ನೈಟ್ರೇಟ್ ಆಗಿ, ಮೀನಿಗೆ ವಿಷವಾದ ಮೊದಲೆರಡೂ ಸೊನ್ನೆಗೆ ಇಳಿಯುವವರೆಗೆ ಮೀನಿಲ್ಲ ಎಂದು ಮನೆಯಲ್ಲಿ ಖಡಾಖಂಡಿತ ಹೇಳಿದ್ದೆ. “ಖಾಲಿ ನೀರು ನೋಡ್ತಾ ಕೂರಬೇಕಾ?” ಎಂದು ಮಗಳ ದೂರು.

ಸೆಪ್ಟೆಂಬರ್: ಮೀನು, ತೇಲುಗಿಡ

ಹನಿ ಗೌರಾಮಿಗಳು, ಅಂದರೆ ಜೇನುಬಣ್ಣದ ಪುಟ್ಟ ಗೌರಾಮಿ ಮೀನುಗಳು, ಬಂದವು. ಗಂಗಾ, ಬ್ರಹ್ಮಪುತ್ರ ಕಡೆಯ ಮೀನು, ಶಾಂತ ನೀರು, ಮಬ್ಬು ಬೆಳಕು ಇಷ್ಟ. ಗಿಡದ ತಂಟೆಗೆ ಹೋಗುವುದಿಲ್ಲ. ಗೋಲ್ಡ್‌ಫಿಶ್ ಇದ್ದರೆ ಮೆದು ಎಲೆಯ ಗಿಡವೆಲ್ಲ ಸಲಾಡ್. ಆದರೆ ಅನುಬಿಯಾಸನ್ನು ಗೋಲ್ಡ್‌ಫಿಶ್ ಕೂಡ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎಲೆ ಗಡುಸು, ಮೇಲಾಗಿ ಕೆಸುವಿನ ಬಳಗದ ಗಿಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಹರಳುಗಳಿರುತ್ತವೆ. ಗಂಟಲು ತುರಿಸುವುದು ಅದರಿಂದಲೇ, ಪತ್ರೊಡೆಗೆ ಹುಣಸೆಹುಳಿ ಧಾರಾಳವಾಗಿ ಹಾಕುವುದೂ ಅದಕ್ಕೇ.

ಬೀದಿಯಲ್ಲಿ ಬಿದ್ದ ಬಾದಾಮಿ ಎಲೆ ಒಣಗಿದ್ದನ್ನು ತೊಳೆದು ಹಾಕಿದೆ. ನೀರು ತಿಳಿ ಚಹಾ ಬಣ್ಣಕ್ಕೆ ಬಂತು. ಬೆಳಕು ಇನ್ನಷ್ಟು ತಗ್ಗಿತು, ಗೌರಾಮಿಗಳ ಬಣ್ಣ ಏರಿತು.

ತೇಲುಗಿಡವೆಂದು ಒಬ್ಬರು ಸಾಲ್ವೀನಿಯಾ ಒಂದು ಹಿಡಿ ಕೊಟ್ಟರು. ನೀರಿನ ನೈಟ್ರೇಟ್ ಹೀರುವುದರಲ್ಲಿ ಅದರ ಕೈ ಮುಂದು, ಗಾಳಿಯ ಇಂಗಾಲ ನೇರವಾಗಿ ಸಿಗುತ್ತದಲ್ಲ. ಆದರೆ ಮೇಲ್ಮೈ ಕಾಲುಭಾಗಕ್ಕಿಂತ ಹೆಚ್ಚು ಬಿಟ್ಟರೆ ಕೆಳಗಿನವರಿಗೆ ಇರುವ ಚೂರು ಬೆಳಕೂ ಇಲ್ಲ. ವಾರವಾರ ತೆಗೆದದ್ದನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ ಹೂಕುಂಡಕ್ಕೆ ಹಾಕುತ್ತೇನೆ. ಕೆರೆಗೆ, ಚರಂಡಿಗೆ ಮಾತ್ರ ಖಂಡಿತ ಇಲ್ಲ. ಬ್ರೆಜಿಲ್ ಮೂಲದ ಸಾಲ್ವೀನಿಯಾ ಮೊಲೆಸ್ಟಾ ಕೇರಳದ ಗದ್ದೆ, ಕಾಲುವೆಗಳನ್ನು ಮುಚ್ಚಿದ್ದು ಗೊತ್ತಿರುವ ಸಂಗತಿ. ಅದಕ್ಕೆ ಮದ್ದಾದ ಪುಟ್ಟ ಮೂತಿಹುಳು ಸಿರ್ಟೊಬೇಗಸ್ ಸಾಲ್ವೀನಿಯೆಯನ್ನು ಆಸ್ಟ್ರೇಲಿಯಾದಿಂದ ತರಿಸಿ, 1983-84ರಲ್ಲಿ ಬಿಟ್ಟು ನೋಡಿದ್ದು ನಮ್ಮ ಬೆಂಗಳೂರಿನದೇ ಒಂದು ನೈದಿಲೆಕೊಳದಲ್ಲಿ. ವರ್ಷ ತುಂಬುವುದರೊಳಗೆ ಕಳೆ ಕುಸಿದು, ಅದರಡಿ ಸಿಕ್ಕಿದ್ದ ಹೂಗಿಡಗಳು ಮತ್ತೆ ಮೇಲೆದ್ದವು. ಟ್ಯಾಂಕ್ ತೊಳೆದ ನೀರನ್ನು ಎಲ್ಲೆಂದರಲ್ಲಿ ಚೆಲ್ಲುವ ಗೆಳೆಯರಿಗೆ ಈ ಕಥೆ ಹೇಳುತ್ತಿರುತ್ತೇನೆ.

ನವೆಂಬರ್: ಈಗಿನ ಸ್ಥಿತಿ

ವೆಂಡ್ಟಿ ನೀರೊಳಗಿನ ಎಲೆಗಳೊಂದಿಗೆ ಮರಳಿದೆ. ಮೊದಲಿಗಿಂತ ಕಿರಿದು, ಅಂಚು ಅಲೆಅಲೆ, ಬಣ್ಣ ಕಡು. ಅಂಗಡಿಯಲ್ಲಿ ಕಂಡ ಗಿಡಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆನಿಸುತ್ತದೆ. ವ್ಯಾಲಿಸ್ನೇರಿಯಾ ಮರಳಿನಡಿ ಹಂಬು ಓಡಿಸಿ ಹಿಂಬದಿಯ ಅರ್ಧ ಹಿಡಿದುಕೊಂಡಿದೆ, ಸ್ಪೈರಾಲಿಸ್‌ನ ಜಾಗಕ್ಕೆ ಬಂದರೆ ಕಿತ್ತುಹಾಕುತ್ತೇನೆ. ಅನುಬಿಯಾಸ್ ತಿಂಗಳಿಗೊಂದು ಎಲೆ ಬಿಟ್ಟರೆ ಹೆಚ್ಚು. ಜಾವಾ ಫರ್ನ್‌ನ ಹಳೆ ಎಲೆಗಳ ಅಡಿ ಸಾಲುಸಾಲು ಕಪ್ಪು ಚುಕ್ಕೆ, ತುದಿಯಲ್ಲಿ ಬೇರು ಸಮೇತ ಮರಿಗಿಡ. ಚುಕ್ಕೆ ರೋಗವೆಂದು ಎಲೆ ಕತ್ತರಿಸುವವರಿದ್ದಾರೆ. ಅವು ಬೀಜಕಗಳ ಗೊಂಚಲು, ಬಿಟ್ಟುಬಿಡಿ.

ಒಂದು ಪರೀಕ್ಷೆಯನ್ನೂ ಮಾಡಿದೆ. ರೊಟಾಲಾ ರೊಟಂಡಿಫೋಲಿಯಾದ ನಾಲ್ಕು ಕಡ್ಡಿ ನಡುವೆ, ಪಾರ್ 28 ಇರುವಲ್ಲಿ ನೆಟ್ಟೆ. ಇದೂ ಭಾರತದ್ದೇ, ಆದರೆ ಬಯಲಿನ ಬಿಸಿಲಿಗೆ, ಗದ್ದೆಯ ಕೆಸರಿಗೆ ಒಗ್ಗಿದ ಗಿಡ. ಗೆಣ್ಣು ಗೆಣ್ಣಿನ ನಡುವೆ ಅಂತರ ಹೆಚ್ಚಿಸಿಕೊಂಡು ಲೈಟಿನತ್ತ ಚಾಚಿತು, ಕೆಳಗಿನ ಎಲೆಗಳೆಲ್ಲ ಉದುರಿದವು, ತುದಿಯಲ್ಲಷ್ಟೇ ಹಸಿರು. ನಮ್ಮ ನೆಲದ್ದು ಎನ್ನುವುದೊಂದೇ ಸಾಲದು, ನೆರಳಿನದೂ ಆಗಿರಬೇಕು. ತೆಗೆದು ಬಾಲ್ಕನಿಯ ಬಕೆಟ್ಟಿಗೆ ಹಾಕಿದ್ದೇನೆ, ಅಲ್ಲಿ ಬೆಳಗಿನ ಬಿಸಿಲಿಗೆ ಚೇತರಿಸಿಕೊಳ್ಳುತ್ತಿದೆ.

ಲಾಜಿನಾಂಡ್ರಾ ಈಗ ಟ್ಯಾಂಕಿನ ಯಜಮಾನ. ಹೊಸ ಎಲೆ ತಾಮ್ರ, ಹಳತು ಕಡುಹಸಿರು. ಅಡ್ಡಕಾಂಡ ಎರಡು ಕಡೆ ಕವಲೊಡೆದಿದೆ. ಒಂದೊಂದು ತುಂಡಿಗೂ ನಾಲ್ಕೈದು ಎಲೆ, ಸಾಕಷ್ಟು ಬೇರು ಉಳಿಯುವಂತೆ ಮುಂದಿನ ತಿಂಗಳು ಬೇರ್ಪಡಿಸಬೇಕು. ಒಂದು ಪಾಲು ಮೈಸೂರಿನ ಚಿಕ್ಕಮ್ಮನ ಮಗನಿಗೆ. ಅವನ ಟ್ಯಾಂಕ್ ಪಡುವಣ ಕಿಟಕಿಯ ಪಕ್ಕದಲ್ಲೇ ಇದೆ, ಸಂಜೆ ಬಿಸಿಲು ನೇರ ಒಳಗೆ. ಮೊದಲು ಟ್ಯಾಂಕನ್ನು ಅಲ್ಲಿಂದ ಸರಿಸಿ ಫೋಟೊ ಕಳಿಸು, ಆಮೇಲೆ ಗಿಡ ಕಳಿಸ್ತೀನಿ ಅಂದಿದ್ದೇನೆ.