ಚೆಂಡು ತೂರಬಾರದು

ಡೆಕ್ ಅಂದರೆ ಮನೆಗೆ ಅಂಟಿಕೊಂಡ ಮರದ ಜಗಲಿ, ಅದರ ರೇಲಿಂಗಿಗೆ ಕಂಬಿ ಕೂರಿಸುವ ಕೆಲಸ ನಡೀತಿದೆ. ಇಲ್ಲಿ ಅಮೆರಿಕದ ಮನೆಗಳಿಗೆ ಸಾಮಾನ್ಯವಾಗಿ ಒಂದು ನಿಯಮ: 4 ಇಂಚಿನ ಚೆಂಡು ಎರಡು ಕಂಬಿಗಳ ನಡುವೆ ತೂರಬಾರದು. ಪುಟ್ಟ ಮಕ್ಕಳ ಮೈ ನುಸುಳಿ ತಲೆ ಸಿಕ್ಕಿಕೊಂಡರೆ ಅನ್ನೋ ಭಯ.

ಕಂಬದಿಂದ ಕಂಬಕ್ಕೆ 72 ಇಂಚು. ಒಂದೂವರೆ ಇಂಚು ದಪ್ಪದ 13 ಕಂಬಿ. ಉಳಿದ 52.5 ಇಂಚನ್ನು 14ರಿಂದ ಭಾಗಿಸಬೇಕು, 13ರಿಂದಲ್ಲ. ಸಂದಿ ಯಾವಾಗಲೂ ಕಂಬಿಗಿಂತ ಒಂದು ಜಾಸ್ತಿ ಅಲ್ವಾ! ಒಂದೊಂದು ಸಂದಿಗೂ 3.75 ಇಂಚು ಬಂತು. ಅಷ್ಟೇ ಅಗಲದ ಮರದ ತುಂಡು ಕೊಯ್ದಿಟ್ಟುಕೊಂಡರೆ ಪದೇ ಪದೇ ಟೇಪ್ ಹಿಡಿಯೋದು ತಪ್ಪುತ್ತದೆ. ಬುಡದಲ್ಲೂ ತುದಿಯಲ್ಲೂ ಇಟ್ಟು ನೋಡಬೇಕು, ಅಷ್ಟೇ. ಮರ ಸ್ವಲ್ಪ ಡೊಂಕಿರುತ್ತದೆ.

ಬೆಂಗಳೂರಿನ ಎಷ್ಟೋ ಬಾಲ್ಕನಿಗಳಲ್ಲಿ ಅಡ್ಡಡ್ಡ ಸ್ಟೀಲ್ ಪೈಪುಗಳು. ನೋಡೋಕೆ ಚೆಂದ, ಒಪ್ಪುತ್ತೇನೆ. ಆದರೆ ಮಕ್ಕಳಿಗೆ ಅದು ಸುಮ್ನೆ ಏಣಿ ಇಟ್ಟುಕೊಟ್ಟ ಹಾಗೆ.