ಹೈವ್‌ನಲ್ಲಿ ಬರೆದ್ರೆ ದುಡ್ಡು ಬರತ್ತಂತೆ, ಹೌದಾ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಸೋಮವಾರಪೇಟೆ ಸಂತೇಲಿ ಸಿಕ್ಕಿದ್ರೂ ಇದೇ, ಮದುವೆ ಮನೇಲಿ ಊಟಕ್ಕೆ ಪಕ್ಕ ಕೂತ್ರೂ ಇದೇ: "ಅಣ್ಣ, ನೀವು ಅದೇನೋ ಬ್ಲಾಕ್‌ಚೈನಲ್ಲಿ ಬರೀತೀರಂತಲ್ಲ, ಹೊಸಬ್ರು ಶುರು ಮಾಡಿದ್ರೆ ತಿಂಗ್ಳಿಗೆ ಎಷ್ಟು ಬರತ್ತೆ?" ಪ್ರತಿ ಸಲ ನಿಂತ್ಕೊಂಡು ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದ್ಸಲ ಬರೆದು ಹಾಕ್ತಿದೀನಿ, ಇನ್ಮೇಲೆ ಲಿಂಕ್ ಕಳಿಸ್ತೀನಿ ಅಷ್ಟೇ. ಹೈವ್ ಅಂದ್ರೆ ಬ್ಲಾಗ್ ಥರ ಬರೆದು ಹಾಕೋ ಜಾಗ, ಓದಿದವ್ರು ಹಾಕೋ ವೋಟಿನ ಮೇಲೆ ಕ್ರಿಪ್ಟೋ ಕಾಯಿನ್ ಸಿಗತ್ತೆ. ಬರೆದಿದ್ದೆಲ್ಲ ಕೂತಿರೋದು ಬ್ಲಾಕ್‌ಚೈನಲ್ಲಿ, ಅಂದ್ರೆ ತುಂಬ ಕಂಪ್ಯೂಟರಲ್ಲಿ ಒಟ್ಟಿಗೆ ಇರೋ, ಅಳಿಸೋಕಾಗದ ಲೆಕ್ಕದ ಪುಸ್ತಕದಲ್ಲಿ.

ಮೊದಲ ತಿಂಗ್ಳು ಏನೂ ಬರಲ್ಲ. ನನ್ನ ಮೊದಲ ಪೋಸ್ಟಿಗೆ ಬಂದಿದ್ದು ಸೊನ್ನೆ. ಡಾಲರ್ ಲೆಕ್ಕದಲ್ಲಿ ಒಂದು ಸೆಂಟ್ ಅಂತ ತೋರಿಸ್ತಿತ್ತು, ಏಳು ದಿನ ಆದ್ಮೇಲೆ ನೋಡಿದ್ರೆ ಅದೂ ಇಲ್ಲ, ಯಾಕಂದ್ರೆ ಎರಡು ಸೆಂಟಿಗಿಂತ ಕಡಿಮೆ ಆದ್ರೆ ಅಲ್ಲಿ ಕೊಡೋದೇ ಇಲ್ಲ. ನಾನು ಆ ಒಂದು ಸೆಂಟನ್ನ ದಿನಾ ನಾಲ್ಕು ಸಲ ತೆಗೆದು ನೋಡ್ತಿದ್ದೆ, ಮನೆಯವಳು ಇವತ್ತಿಗೂ ಅದನ್ನ ಹೇಳಿ ನಗ್ತಾಳೆ.

ಇದು ಎಲ್ಲಿಂದ ಬಂತು ಅಂತ ಗೊತ್ತಿಲ್ಲದವ್ರಿಗೆ ಚೂರು ಹಿಂದಿನ ಕಥೆ. 2016ರಲ್ಲಿ ನೆಡ್ ಸ್ಕಾಟ್ ಮತ್ತೆ ಡ್ಯಾನ್ ಲಾರಿಮರ್ ಅನ್ನೋರು ಸ್ಟೀಮಿಟ್ ಅನ್ನೋ ಸೈಟ್ ಶುರು ಮಾಡಿದ್ರು, ಬರೆದವನಿಗೆ ಓದಿದವ್ರ ವೋಟಿನ ಮೇಲೆ ಕಾಯಿನ್ ಸಿಗೋ ವ್ಯವಸ್ಥೆ. 2020ರಲ್ಲಿ ಟ್ರಾನ್ ಅನ್ನೋ ಇನ್ನೊಂದು ಬ್ಲಾಕ್‌ಚೈನಿನ ಜಸ್ಟಿನ್ ಸನ್ ಆ ಕಂಪನೀನ ಕೊಂಡ್ಕೊಂಡ, ಅಲ್ಲಿದ್ದವ್ರಲ್ಲಿ ತುಂಬ ಜನಕ್ಕೆ ಸರಿ ಬರಲಿಲ್ಲ, ಅದೇ ವರ್ಷ ಮಾರ್ಚ್ 20ಕ್ಕೆ ಪಾಲು ಮಾಡ್ಕೊಂಡು ಹೈವ್ ಅಂತ ಬೇರೆ ಚೈನ್ ಮಾಡಿದ್ರು. ನಮ್ಮ ಕಡೆ ಅಣ್ಣತಮ್ಮಂದಿರು ತೋಟ ಪಾಲು ಮಾಡ್ಕೊಂಡಂಗೆ, ಹಳೇ ಮನೆ ಒಬ್ಬನಿಗೆ, ಜನ ಇನ್ನೊಬ್ಬನ ಕಡೆ. ನಾನಿರೋದು ಹೈವ್‌ನಲ್ಲಿ.

ಈಗ ಅಸಲು ವಿಷ್ಯ. ಬಂದವ್ರೆಲ್ಲ ಮಾಡೋ ತಪ್ಪು ಅಂದ್ರೆ ಬಂದ ದಿನಾನೇ ಮೂರು ಪೋಸ್ಟ್ ಹಾಕಿ ಕೂತ್ಕೊಳ್ಳೋದು, ಯಾರೂ ಬರಲ್ಲ, ಇದೆಲ್ಲ ಬೋಗಸ್ ಅಂತ ಎದ್ದು ಹೋಗೋದು. ಗದ್ದೆ ನಾಟಿಗೆ ಮುಯ್ಯಾಳು ಗೊತ್ತಲ್ವಾ, ಮೊದಲು ನೀವು ಅವ್ರ ಗದ್ದೆಗೆ ಇಳಿದು ಸಸಿ ನೆಟ್ಟಿದ್ರೆ ತಾನೇ ಅವ್ರು ನಿಮ್ಮ ಗದ್ದೆಗೆ ಬರೋದು? ಇಲ್ಲೂ ಹಂಗೇ. ಆದ್ರೆ ಹೊಸಬನ ವೋಟಿಗೆ ಬೆಲೆ ಇಲ್ಲ, ವೋಟಿನ ತೂಕ ನಿಮ್ಮ ಅಕೌಂಟಲ್ಲಿರೋ ಹೈವ್ ಪವರ್, ಅಂದ್ರೆ ಮಾರದೆ ಕಟ್ಟಿಟ್ಟ ಕಾಯಿನ್ ಮೇಲೆ ನಿಂತಿರತ್ತೆ, ಹಂಗಾಗಿ ನಿಮ್ಮ ಹತ್ರ ಕೊಡೋಕೆ ಇರೋದು ಒಂದೇ, ಕಮೆಂಟು. ಅದೂ "ನೈಸ್ ಪೋಸ್ಟ್" ಅಂತ ಅಲ್ಲ ಮಾರಾಯ್ರೆ. ಒಬ್ಬ ಯಾರೋ ಬೇರೆ ದೇಶದವನು ಮನೇಲಿ ಕಾಫಿ ಹುರಿಯೋದ್ರ ಬಗ್ಗೆ ಬರೆದಿದ್ದ, ನಾನು ಅದ್ರ ಕೆಳಗೆ ನಮ್ಮಲ್ಲಿ ರೊಬಸ್ಟಾ ಕಣದಲ್ಲಿ ಒಣಗಿಸುವಾಗ ಮೋಡ ಕಂಡ ತಕ್ಷಣ ಮನೆಯವರೆಲ್ಲ ಟಾರ್ಪಲ್ ಹಿಡ್ಕೊಂಡು ಓಡೋದನ್ನ ನಾಲ್ಕು ಸಾಲು ಬರೆದೆ. ಆ ಕಮೆಂಟಿಗೆ ಬಂದಷ್ಟು ವೋಟು ಅಲ್ಲಿವರೆಗಿನ ನನ್ನ ಯಾವ ಪೋಸ್ಟಿಗೂ ಬಂದಿರಲಿಲ್ಲ. ಅವನೇ ಆಮೇಲೆ ನನ್ನ ಪೇಜಿಗೆ ಬಂದು ಹಳೇದನ್ನೆಲ್ಲ ಓದಿದ.

ಹಂಗಂತ "ನಾನು ನಿಂಗೆ ಹಾಕ್ತೀನಿ ನೀನು ನಂಗೆ ಹಾಕು" ಅಂತ ಬೇಡ್ಕೊಂಡು ಹೋಗ್ಬೇಡಿ, ಅದು ಮುಯ್ಯಾಳು ಅಲ್ಲ, ಅಲ್ಲಿ ಅದಕ್ಕೆ ಮರ್ಯಾದೆ ಇಲ್ಲ.

ಇನ್ನೊಂದು, ಶುರುವಲ್ಲಿ ನಾಲ್ಕೈದು ಕಮೆಂಟ್ ಹಾಕೋದ್ರಲ್ಲಿ ನಿಮ್ಮ ರಿಸೋರ್ಸ್ ಕ್ರೆಡಿಟ್ ಖಾಲಿ ಅಂತ ಬರ್ಬಹುದು. ಗಾಬರಿ ಬೇಡ, ಮೊಬೈಲ್ ಡೇಟಾ ಮುಗಿದಂಗೆ ಅದು, ದುಡ್ಡು ಕೊಡೋದೇನೂ ಬೇಡ, ಐದು ದಿನದಲ್ಲಿ ತಾನಾಗೇ ಪೂರ್ತಿ ತುಂಬ್ಕೊಳ್ಳತ್ತೆ. ವೋಟಿಂದೂ ಹಂಗೇ, ಒಂದು ಪೂರ್ತಿ ವೋಟಿಗೆ ಶೇಕಡ 2 ಶಕ್ತಿ ಹೋಗತ್ತೆ, ದಿನಕ್ಕೆ ಶೇಕಡ 20 ವಾಪಸ್ ಬರತ್ತೆ, ಅಂದ್ರೆ ದಿನಕ್ಕೆ ಹತ್ತು ವೋಟು ಲೆಕ್ಕ.

ಏನು ಬರೀಬೇಕು ಅಂತ ಕೇಳ್ತಾರೆ. ಬಿಟ್‌ಕಾಯಿನ್ ರೇಟ್ ಬಗ್ಗೆ ಮಾತ್ರ ಬೇಡ, ಅದನ್ನ ಬರೆಯೋರು ಸಾವಿರ ಜನ ಇದಾರೆ. ನಾನು ಮದ್ದು ಸೊಪ್ಪಿನ ಪಾಯಸದ ಬಗ್ಗೆ ಬರೆದಿದ್ದೆ, ಕೊಡಗಲ್ಲಿ ಕಕ್ಕಡ ತಿಂಗ್ಳ 18ಕ್ಕೆ ಮಾಡ್ತಾರಲ್ಲ, ಆ ನೇರಳೆ ಬಣ್ಣದ್ದು, ತಿಂದ ಮಾರನೇ ದಿನ ಮೂತ್ರ ಕೆಂಪಗೆ ಹೋಗತ್ತೆ ಅನ್ನೋದನ್ನೂ ಸೇರಿಸಿದ್ದೆ, ಜನಕ್ಕೆ ಅದೇ ಬೇಕಾಗಿದ್ದು ನೋಡಿ! ಆದ್ರೆ ಆ ಪೋಸ್ಟಲ್ಲಿ ಒಂದು ಕೆಲ್ಸ ಕೆಡಿಸ್ಕೊಂಡೆ, ನನ್ನ ಫೋಟೋ ಸರಿ ಬಂದಿಲ್ಲ ಅಂತ ಗೂಗಲ್ಲಿಂದ ಎತ್ತಿ ಒಂದು ಹಾಕಿದ್ದೆ. ಯಾರೋ ಹಿಡಿದ್ರು, ಡೌನ್‌ವೋಟ್, ಅಂದ್ರೆ ವಿರೋಧದ ವೋಟು ಬಿತ್ತು, ಬಂದಿದ್ದೂ ಹೋಯ್ತು. ಮಸುಕಾದ್ರೂ ನಿಮ್ಮದೇ ಫೋಟೋ ಹಾಕಿ. ಭಾಷೆ ಬಗ್ಗೆ ಹೇಳೋದಾದ್ರೆ, ಬರೀ ಕನ್ನಡದಲ್ಲಿ ಹಾಕಿದ್ರೆ ನನಗೆ ಓದೋರು ಸಿಗಲಿಲ್ಲ, ಈಗ ಮೇಲೆ ಇಂಗ್ಲಿಷ್ ಕೆಳಗೆ ಕನ್ನಡ ಅಂತ ಎರಡೂ ಹಾಕ್ತೀನಿ, ಕನ್ನಡ ಬಿಡೋಕೆ ಮನಸ್ಸು ಬರಲ್ಲ.

ಕೀ ಅಂದ್ರೆ ಅಕೌಂಟ್ ತೆಗೆಯೋ ಉದ್ದ ಪಾಸ್‌ವರ್ಡು, ಅದ್ರ ವಿಷ್ಯ ಇದೆ, ದಯವಿಟ್ಟು ಇದನ್ನ ಸರಿಯಾಗಿ ಓದಿ. ಅಲ್ಲಿ ಪಾಸ್‌ವರ್ಡ್ ಮರೆತೋಯ್ತು ಅಂತ ಬ್ಯಾಂಕಿಗೆ ಹೋದಂಗೆ ಹೋಗೋಕೆ ಆಫೀಸಿಲ್ಲ. ದಿನಾ ಬರೆಯೋಕೆ ಪೋಸ್ಟಿಂಗ್ ಕೀ ಸಾಕು, ಆಕ್ಟಿವ್ ಕೀ ಇದ್ರೆ ದುಡ್ಡೇ ಎತ್ಬಹುದು, ಓನರ್ ಕೀ ಮತ್ತೆ ಮಾಸ್ಟರ್ ಪಾಸ್‌ವರ್ಡ್ ಯಾರಿಗೂ ಯಾವ ಸೈಟಿಗೂ ಕೊಡ್ಬೇಡಿ. ಒಂದೊಂದು ಕೀಲಿ 51 ಅಕ್ಷರ. ನಾನು ಜಾಣ ಅಂತ ಕಾಗದದ ಮೇಲೆ ಬರೆದು ಕಬ್ಬಿಣದ ಟ್ರಂಕಲ್ಲಿ ಇಟ್ಟಿದ್ದೆ, ನಮ್ಮ ಊರಿನ ಮಳೆಗಾಲ ಗೊತ್ತಲ್ಲ, ಚಪ್ಪಲಿಗೇ ಬೂಷ್ಟು ಹಿಡಿಯತ್ತೆ, ಸೆಪ್ಟೆಂಬರಲ್ಲಿ ತೆಗೆದ್ರೆ ಇಂಕೆಲ್ಲ ಹರಡಿ ಅರ್ಧ ಅಕ್ಷರ ಕಾಣ್ತಿಲ್ಲ. ಪೆನ್‌ಡ್ರೈವಲ್ಲಿ ಇನ್ನೊಂದು ಕಾಪಿ ಇತ್ತು ಬಚಾವಾದೆ. ಹಂಗೇ ಫೋನ್ ನಂಬರ್ ಬರೀಬೇಡಿ, ಹೋಂಸ್ಟೇ ಇರೋರು ಆಸೆಗೆ ಹಾಕ್ಬಿಡ್ತಾರೆ, ಆಮೇಲೆ ಎಡಿಟ್ ಮಾಡಿದ್ರೂ ಹಳೇದು ಚೈನಲ್ಲಿ ಹಂಗೇ ಕೂತಿರತ್ತೆ.

ದುಡ್ಡಿನ ಲೆಕ್ಕ ಬೇಗ ಮುಗಿಸ್ತೀನಿ. ಪೋಸ್ಟಿಗೆ ಬಂದಿದ್ರಲ್ಲಿ ಅರ್ಧ ವೋಟ್ ಹಾಕಿದವ್ರಿಗೆ, ಅರ್ಧ ನಿಮಗೆ. ಆ ನಿಮ್ಮ ಅರ್ಧದಲ್ಲೂ ಸಾಮಾನ್ಯವಾಗಿ ಅರ್ಧ ಹೈವ್ ಪವರ್ ಆಗಿ ಬರತ್ತೆ, ಅದನ್ನ ಬಿಡಿಸ್ಕೊಳ್ಳೋಕೆ 13 ವಾರ, ವಾರಕ್ಕೊಂದು ಕಂತು. ಶುರುವಲ್ಲಿ ಬಿಡಿಸ್ಬೇಡಿ, ಕಾಳುಮೆಣಸಿನ ಬಳ್ಳಿ ನೆಟ್ಟ ವರ್ಷವೇ ಯಾರೂ ಗೋಣಿ ಹೊಲಿಸಲ್ಲ. ಕಾಯಿನ್ ಮಾರಿದ್ರೆ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇಕಡ 30 ಟ್ಯಾಕ್ಸ್ ಇದೆ, ಒಂದರಲ್ಲಿ ಆದ ನಷ್ಟ ಇನ್ನೊಂದರ ಲಾಭಕ್ಕೆ ಕಳೆಯೋ ಹಂಗಿಲ್ಲ, ಆಡಿಟರ್ ಹತ್ರ ಮುಚ್ಚಿಡ್ಬೇಡಿ. ಕೆಲ್ಸ ಬಿಟ್ಟು ಇದನ್ನೇ ಮಾಡ್ತೀನಿ ಅಂತ ಬಂದವನಿಗೆ ನಾನು ಬೈದು ಕಳಿಸಿದೀನಿ.

ಸುಂಟಿಕೊಪ್ಪದ ಹುಡುಗ ಒಬ್ಬ ಮೆಣಸು ಕುಯ್ಯೋಕೆ ಹೋಗ್ತಾನೆ, ನಂಗೆ ಬರೆಯೋಕೆ ಏನಿದೆ ಅಣ್ಣ ಅಂತಿದ್ದ. ನಿನ್ನ ಏಣಿ ಬಗ್ಗೆ ಬರಿ ಅಂದೆ, ಒಂದೇ ಬಿದಿರಿಂದು, ಎರಡೂ ಕಡೆ ಗೆಣ್ಣಿನ ಹತ್ರ ಕಾಲಿಡೋಕೆ ಚೂರು ಚೂರು ಬಿಟ್ಟಿರ್ತಾರಲ್ಲ ಅದು. ಬರೆದ. ವೆನೆಜುವೆಲಾದ ಒಬ್ಬಳು ಕೇಳಿದ್ದಾಳೆ, ಒಂದೇ ಕಾಲಿನ ಏಣಿ ಮರದಲ್ಲಿ ತಿರುಗಿ ಬೀಳಲ್ವಾ, ಮೇಲಿಂದ ಹೆಂಗೆ ಕಟ್ತೀರಿ ಅಂತ. ಇವನಿಗೆ ಬಾಯಲ್ಲಿ ಹೇಳೋಕೆ ಬರ್ತಿಲ್ಲ, ನಾಳೆ ಬೆಳಿಗ್ಗೆ ಏಳಕ್ಕೆ ತೋಟಕ್ಕೆ ಬನ್ನಿ, ನಾನು ಹತ್ತಿ ಕಟ್ತೀನಿ ನೀವು ಕೆಳಗಿಂದ ಫೋಟೋ ತೆಗೀರಿ ಅಂದಿದ್ದಾನೆ.