ಮಂಗನ ಕಣ್ಣು ಹಾರುವ ದಾರಿ

ನೋಡುವುದೆಂದರೆ ಕಣ್ಣಿನಿಂದ ಮೆದುಳಿನ ಹಿಂಭಾಗದ ವಿಜುಯಲ್ ಕಾರ್ಟೆಕ್ಸಿಗೆ (ನೋಟವನ್ನು ನಿಭಾಯಿಸುವ ಹೊರಪದರಕ್ಕೆ) ಸುದ್ದಿ ಮುಟ್ಟುವುದು ಎಂದು ನಮ್ಮಲ್ಲಿ ಬಹುತೇಕರು ಕಾಲೇಜಿನಲ್ಲಿ ಕಲಿತಿದ್ದೇವೆ. ಮಂಗಗಳಲ್ಲಿಯೂ ಮನುಷ್ಯರಲ್ಲಿಯೂ ಹೆಚ್ಚಿನ ನರತಂತುಗಳು ಮೆದುಳಿನ ನಡುವಿರುವ ಥಲಾಮಸ್ ಎಂಬ ಸುದ್ದಿ ದಾಟಿಸುವ ಭಾಗದ ಮೂಲಕ ಅಲ್ಲಿಗೇ ಹೋಗುತ್ತವೆ. ಆದರೆ ಮಂಗಗಳ ಅಕ್ಷಿಪಟಲದಿಂದ (ಕಣ್ಣಿನ ಹಿಂಬದಿಯ ರೆಟಿನಾದಿಂದ) ಹೊರಡುವ ನರತಂತುಗಳಲ್ಲಿ ಸುಮಾರು ಶೇ. 10ರಷ್ಟು ನೇರವಾಗಿ ನಡುಮೆದುಳಿಗೆ ಇಳಿದು, ಅಲ್ಲಿರುವ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಜೋಡಿ ಉಬ್ಬುಗಳನ್ನು ಸೇರುತ್ತವೆ. ಮೀನು, ಕಪ್ಪೆಗಳಲ್ಲಿ ನೋಟದ ಮುಖ್ಯ ಕೇಂದ್ರವೇ ಈ ಭಾಗ.

ನಮ್ಮ ಕೊಪ್ಪಳ ಜಿಲ್ಲೆಯ ಆನೆಗುಂದಿಯಲ್ಲಿ ಅಂಜನಾದ್ರಿ ಬೆಟ್ಟ ಹತ್ತುವಾಗ ಈ ಉಬ್ಬುಗಳ ಕೆಲಸವನ್ನು ಕಣ್ಣಾರೆ ಕಾಣಬಹುದು. ಮೆಟ್ಟಿಲ ಪಕ್ಕದ ಬಂಡೆಯ ಮೇಲೆ ಕುಳಿತು ಕೊಬ್ಬರಿ ಚೂರು ಕಡಿಯುತ್ತಿದ್ದ ಹೆಣ್ಣುಮಂಗವೊಂದು, ತಲೆಯನ್ನು ಒಂದಿಷ್ಟೂ ಹೊರಳಿಸದೆ, ನೋಟವನ್ನು ಮಾತ್ರ ಭಕ್ತರ ಕೈಚೀಲದಿಂದ ತನ್ನ ಮರಿಯ ಕಡೆಗೆ, ಅಲ್ಲಿಂದ ಎದುರಿಗೆ ಬಂದ ದಪ್ಪ ಗಂಡಿನ ಕಡೆಗೆ ಹಾರಿಸುತ್ತಿದ್ದುದನ್ನು ನಾನು ಬಹಳ ಹೊತ್ತು ನಿಂತು ನೋಡಿದ್ದೇನೆ. ಈ ಹಾರಿಕೆಗೆ ಸಕೇಡ್ ಎಂದು ಹೆಸರು. ಎಚ್ಚರವಿರುವಾಗ ನಮ್ಮ ಕಣ್ಣುಗಳೂ ಸೆಕೆಂಡಿಗೆ ಸುಮಾರು 3 ಬಾರಿ ಹೀಗೆಯೇ ಹಾರುತ್ತಿರುತ್ತವೆ. ಬೆಟ್ಟದ ಮಂಗಗಳು ಬಾನೆಟ್ ಮಕಾಕ್ ಜಾತಿಯವು. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಅಧ್ಯಯನಕ್ಕೊಳಗಾದ ರೀಸಸ್ ಮಂಗಗಳೂ ಇದೇ ಕುಲದವು.

ಕಾಲಿಕ್ಯುಲಸಿನಲ್ಲಿ ಪದರಗಳಿವೆ. ಮೇಲಿನ ಪದರಗಳಲ್ಲಿ ಎದುರಿನ ದೃಶ್ಯದ ನಕ್ಷೆಯೂ, ಅದರ ಕೆಳಗಿನ ಪದರಗಳಲ್ಲಿ ಕಣ್ಣು ಹಾರಬೇಕಾದ ದಿಕ್ಕು ಮತ್ತು ದೂರದ ನಕ್ಷೆಯೂ ಒಂದಕ್ಕೊಂದು ಹೊಂದಿಕೊಂಡು ಕುಳಿತಿವೆ. ಎಚ್ಚರವಿದ್ದ ಮಂಗನ ಕಾಲಿಕ್ಯುಲಸಿಗೆ ಸಂಶೋಧಕ ಡೇವಿಡ್ ರಾಬಿನ್ಸನ್ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟಾಗ, ಕಣ್ಣು ಮೊದಲು ಎಲ್ಲಿಯೇ ನೆಟ್ಟಿರಲಿ, ಪ್ರಚೋದಿಸಿದ ಜಾಗಕ್ಕೆ ತಕ್ಕ ದಿಕ್ಕಿನಲ್ಲಿ, ತಕ್ಕಷ್ಟೇ ದೂರ ಹಾರಿತು ಎಂಬುದು 1972ರಲ್ಲಿ ಪ್ರಕಟವಾಯಿತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಕಾರ್ಟೆಕ್ಸಿನಿಂದ ಇಲ್ಲಿಗೆ ಇಳಿದು ಬರುವ ದಾರಿ. ವಿಜುಯಲ್ ಕಾರ್ಟೆಕ್ಸಿನ 5ನೆಯ ಪದರದ ನರಕೋಶಗಳು ತಮ್ಮ ತಂತುಗಳನ್ನು ಕಾಲಿಕ್ಯುಲಸಿಗೆ ಕಳಿಸುತ್ತವೆ. ಕಾರ್ಟೆಕ್ಸಿನ ನಕ್ಷೆಯಲ್ಲಿ ಒಂದು ಬಿಂದು ಎಲ್ಲಿದೆಯೋ, ಅದೇ ಬಿಂದುವಿನ ಸ್ಥಾನಕ್ಕೆ ಇಲ್ಲಿಯೂ ತಂತು ಬಂದು ಮುಟ್ಟುತ್ತದೆ. ಪೀಟರ್ ಶಿಲ್ಲರ್ ಮತ್ತು ಸಂಗಡಿಗರು 1974ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಮಂಗನ ವಿಜುಯಲ್ ಕಾರ್ಟೆಕ್ಸನ್ನು ತಂಪುಗೊಳಿಸಿ ಸುಮ್ಮನಾಗಿಸಿದಾಗ, ಮೇಲಿನ ಪದರದ ಕೋಶಗಳು ಬೆಳಕಿಗೆ ಸ್ಪಂದಿಸುತ್ತಲೇ ಇದ್ದವು, ಕೆಳಗಿನ ಪದರದವು ನೋಟದ ಪ್ರಚೋದನೆಗೆ ಓಗೊಡುವುದನ್ನೇ ನಿಲ್ಲಿಸಿದವು. ಅಕ್ಷಿಪಟಲದ ನೇರ ದಾರಿ ತೆರೆದೇ ಇತ್ತು; ಆದರೂ ಪ್ರೈಮೇಟುಗಳಲ್ಲಿ, ಅಂದರೆ ಮಂಗ-ಮನುಷ್ಯರ ಗುಂಪಿನಲ್ಲಿ, ಕಣ್ಣನ್ನು ಹೊರಳಿಸುವ ಪದರಕ್ಕೆ ದೃಶ್ಯದ ಸುದ್ದಿ ಮುಖ್ಯವಾಗಿ ಕಾರ್ಟೆಕ್ಸಿನ ಕೈಯಿಂದಲೇ ಸಿಗುತ್ತದೆ. ಹಾಗಾಗಿ ನಡುಮೆದುಳನ್ನು ಹಳೆಯದು, ತನ್ನಷ್ಟಕ್ಕೆ ತಾನೇ ನಡೆಯುವಂಥದ್ದು ಎಂದು ಬೇರ್ಪಡಿಸಿ ಹೇಳುವ ವಿವರಣೆಯನ್ನು ನಾನು ಒಪ್ಪಲಾರೆ.

ಇದಕ್ಕೆ ಎದುರಾಗಿ ಹೆಲೆನ್ ಎಂಬ ಮಂಗನ ಉದಾಹರಣೆ ನಿಲ್ಲುತ್ತದೆ. 1960ರ ದಶಕದಲ್ಲಿ ಕೇಂಬ್ರಿಜಿನಲ್ಲಿ ಲಾರೆನ್ಸ್ ವೈಸ್‌ಕ್ರಾಂಟ್ಜ್ ಶಸ್ತ್ರಚಿಕಿತ್ಸೆಯಿಂದ ಅದರ ಪ್ರಾಥಮಿಕ ವಿಜುಯಲ್ ಕಾರ್ಟೆಕ್ಸನ್ನು ತೆಗೆದಿದ್ದರು. ಮೊದಲಿಗೆ ಕುರುಡಾದಂತೆಯೇ ಇದ್ದ ಅದರೊಡನೆ ನಿಕೊಲಸ್ ಹಂಫ್ರಿ ವರ್ಷಗಟ್ಟಲೆ ಒಡನಾಡಿದ ಮೇಲೆ, ಅಡೆತಡೆಗಳನ್ನು ತಪ್ಪಿಸಿ ಓಡಾಡುವುದನ್ನೂ, ನೆಲದ ಮೇಲಿನ ಚಿಕ್ಕ ತಿಂಡಿ ಚೂರುಗಳನ್ನು ಹೆಕ್ಕುವುದನ್ನೂ ಅದು ಕಲಿತುಕೊಂಡಿತು. ವಸ್ತು ಎಲ್ಲಿದೆ ಎಂದು ಅದಕ್ಕೆ ಗೊತ್ತಾಗುತ್ತಿತ್ತು, ಏನೆಂದು ನೋಡಿ ಗುರುತಿಸಲು ಮಾತ್ರ ಆಗುತ್ತಿರಲಿಲ್ಲ. ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಾಲಾವಧಿಯ ವ್ಯತ್ಯಾಸ ಎದ್ದು ಕಾಣುತ್ತದೆ: ತಂಪುಗೊಳಿಸುವುದು ಆ ಕ್ಷಣಕ್ಕೆ ಕಾರ್ಟೆಕ್ಸನ್ನು ನಿಲ್ಲಿಸುತ್ತದೆ, ಹೆಲೆನ್‌ಗಾದರೋ ಉಳಿದ ದಾರಿಗಳನ್ನು ಬಳಸಿ ಪಳಗಲು ವರ್ಷಗಳೇ ಸಿಕ್ಕವು.

ಕಾಲಿಕ್ಯುಲಸೊಂದೇ ನಷ್ಟವಾದಾಗಲೂ ಮಂಗ ಹೀಗೆಯೇ ಚೇತರಿಸಿಕೊಳ್ಳುತ್ತದೆ. ಮುಂಭಾಗದ ಕಾರ್ಟೆಕ್ಸಿನಲ್ಲಿ ಕಣ್ಣಿನ ಚಲನೆಗೆಂದೇ ಇರುವ ಫ್ರಂಟಲ್ ಐ ಫೀಲ್ಡ್ ಭಾಗವೊಂದೇ ಹೋದರೂ ಅಷ್ಟೇ. ಎರಡೂ ಒಟ್ಟಿಗೆ ಹೋದರೆ ಮಾತ್ರ ನೋಟವನ್ನು ಬೇಕಾದ ಕಡೆಗೆ ಹಾರಿಸುವ ಶಕ್ತಿಗೆ ಶಾಶ್ವತವಾಗಿ ದೊಡ್ಡ ಪೆಟ್ಟು ಬೀಳುತ್ತದೆ ಎಂದು ಶಿಲ್ಲರ್ ತಂಡವೇ 1980ರಲ್ಲಿ ತೋರಿಸಿಕೊಟ್ಟಿತು.